ಮುದಿ ಡ್ರ್ಯಾಗನ್ನಿನ ಮೇಲಿನ ಮಮತೆ

1981ರ ಜೂನ್ 26ರಂದು ಅಮೆರಿಕದಲ್ಲಿ ತೆರೆಕಂಡ ‘ಡ್ರ್ಯಾಗನ್‌ಸ್ಲೇಯರ್’ ಸೋತ ಸಿನಿಮಾ. ಖರ್ಚಾದದ್ದು ಸುಮಾರು 1.8 ಕೋಟಿ ಡಾಲರ್, ಅಲ್ಲಿನ ಚಿತ್ರಮಂದಿರಗಳಿಂದ ಬಂದದ್ದು 1.4 ಕೋಟಿಯ ಆಸುಪಾಸು. ಸಮಯವೂ ಕೂಡಿಬರಲಿಲ್ಲ. ಎರಡು ವಾರ ಮುಂಚೆ ಇಂಡಿಯಾನಾ ಜೋನ್ಸ್‌ನ ಮೊದಲ ಸಾಹಸ ಬಂದಿತ್ತು, ಒಂದು ವಾರ ಮುಂಚೆ ಎರಡನೇ ಸೂಪರ್‌ಮ್ಯಾನ್, ಅದೇ ಶುಕ್ರವಾರ ಹೊಸ ಜೇಮ್ಸ್ ಬಾಂಡ್. ಆದರೆ ಸಮಯವೊಂದನ್ನೇ ದೂರಿ ಪ್ರಯೋಜನವಿಲ್ಲ. ಇದು ಡಿಸ್ನಿ ಮತ್ತು ಪ್ಯಾರಮೌಂಟ್ ಪಾಲುದಾರಿಕೆಯಲ್ಲಿ ಬಂದ ಚಿತ್ರ. ಮಕ್ಕಳ ಜತೆ ಕೂತು ನೋಡುವ ಮಾಯಾಲೋಕವನ್ನು ನಿರೀಕ್ಷಿಸಿದವರಿಗೆ ಕಂಡದ್ದು ಬೆಂಕಿಯಲ್ಲಿ ಬೇಯುವ ಪಾದ್ರಿ ಮತ್ತು ಮರಿ ಡ್ರ್ಯಾಗನ್‌ಗಳು ಕಿತ್ತು ತಿನ್ನುತ್ತಿರುವ ರಾಜಕುಮಾರಿಯ ದೇಹ. ಕತ್ತಿ ಝಳಪಿಸುವ ವೀರರನ್ನು ಬಯಸಿದವರಿಗೆ ಸಿಕ್ಕಿದ್ದು ಕೆಸರು, ಹೊಗೆ, ಹೆದರಿ ಬದುಕುವ ಹಳ್ಳಿಯ ಜನ.

ಈ ಸಿನಿಮಾದ ಮೇಲೆ ನನಗಿರುವ ಪ್ರೀತಿ ಇಷ್ಟು ವರ್ಷವಾದರೂ ಇಳಿದಿಲ್ಲ. ಅದರ ಕುಂದುಗಳು ಕಾಣುವುದಿಲ್ಲ ಎಂದಲ್ಲ, ಚೆನ್ನಾಗಿಯೇ ಕಾಣುತ್ತವೆ. ಆದರೆ ಡ್ರ್ಯಾಗನ್ ಎಂಬ ಕಲ್ಪನೆಯ ಪ್ರಾಣಿಗೆ ಮೈಭಾರ, ಮುಪ್ಪು, ನೋವು, ಸಂತಾನ ಎಲ್ಲವನ್ನೂ ಕೊಟ್ಟು, ಅದು ನಿಜವಾಗಿ ಇದ್ದಿದ್ದರೆ ಒಂದು ರಾಜ್ಯ ಅದರೊಡನೆ ಹೇಗೆ ಹೊಂದಿಕೊಂಡು ಬದುಕುತ್ತಿತ್ತು ಎಂದು ಇಷ್ಟು ಗಂಭೀರವಾಗಿ ಯೋಚಿಸಿದ ಇನ್ನೊಂದು ಸಿನಿಮಾ ನನಗೆ ಗೊತ್ತಿಲ್ಲ. ಮುಂದೆ ಕತೆಯನ್ನು ಕೊನೆಯವರೆಗೂ ಹೇಳಲಿದ್ದೇನೆ. ಮೊದಲು ನೋಡಿ ಆಮೇಲೆ ಓದಬೇಕೆನ್ನುವವರು ಇಲ್ಲಿಯೇ ನಿಲ್ಲಿಸಬಹುದು.

ನಿರ್ದೇಶಕ ಮ್ಯಾಥ್ಯೂ ರಾಬಿನ್ಸ್. ಚಿತ್ರಕತೆ ಅವರದು ಮತ್ತು ಗೆಳೆಯ ಹ್ಯಾಲ್ ಬಾರ್ವುಡ್ ಅವರದು. ಮಂತ್ರವಾದಿಯ ಶಿಷ್ಯನೊಬ್ಬ ಗುರುವಿಲ್ಲದ ಹೊತ್ತಿನಲ್ಲಿ ತನ್ನ ಅಳವಿಗೆ ಮೀರಿದ ಮಂತ್ರಕ್ಕೆ ಕೈಹಾಕುವ ಹಳೆಯ ಕತೆ ಇವರಿಗೆ ಬೀಜ. ಹೊಳೆಯುವ ಕವಚದ ವೀರರು, ಬಣ್ಣದ ಬಾವುಟ, ಆಸ್ಥಾನದ ಪ್ರಣಯ ಇವೆಲ್ಲ ಬೇಡವೆಂದು ಮೊದಲೇ ತೀರ್ಮಾನಿಸಿಕೊಂಡಿದ್ದರು. ಕತೆಯನ್ನು ಆರನೆಯ ಶತಮಾನಕ್ಕೆ, ರೋಮನ್ನರು ಬಿಟ್ಟುಹೋದ ಮೇಲಿನ ಕತ್ತಲಿಗೆ ಒಯ್ದರು. ಚಿತ್ರೀಕರಣ ನಡೆದದ್ದು ಉತ್ತರ ವೇಲ್ಸ್‌ನಲ್ಲಿ, ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಮತ್ತು ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೊದಲ್ಲಿ. ಛಾಯಾಗ್ರಾಹಕ ಡೆರೆಕ್ ವ್ಯಾನ್‌ಲಿಂಟ್ ಅದಕ್ಕೆ ಎರಡು ವರ್ಷ ಮುಂಚೆ ಬಂದ ‘ಏಲಿಯನ್’ಗೂ ಕ್ಯಾಮೆರಾ ಹಿಡಿದಿದ್ದವರು. ಕತ್ತಲಲ್ಲಿ ಏನನ್ನು ತೋರಿಸಬೇಕು, ಏನನ್ನು ಬಚ್ಚಿಡಬೇಕು ಎಂಬ ಅವರ ಲೆಕ್ಕಾಚಾರ ಇಲ್ಲಿ ಪ್ರತಿ ಶಾಟ್‌ನಲ್ಲೂ ಕೆಲಸ ಮಾಡುತ್ತದೆ. ಭಾರತದ ನೋಡುಗರಿಗೆ ರಾಬಿನ್ಸ್ ಹೆಸರು ಬೇರೆ ಕಡೆಯಿಂದಲೂ ಪರಿಚಯವಿರಬಹುದು. ‘ಸಾತ್ ಖೂನ್ ಮಾಫ್’ ಮತ್ತು ‘ರಂಗೂನ್’ ಚಿತ್ರಗಳಿಗೆ ವಿಶಾಲ್ ಭಾರದ್ವಾಜ್ ಜತೆ ಚಿತ್ರಕತೆ ಬರೆದವರು ಇವರೇ.

ಕತೆ ಹೀಗಿದೆ. ಉರ್ಲಂಡ್ ಎಂಬ ಪುಟ್ಟ ರಾಜ್ಯ. ಅದರ ಅಂಚಿನ ಗುಹೆಯಲ್ಲಿ ವರ್ಮಿಥ್ರಾಕ್ಸ್ ಎಂಬ ಮುದಿ ಡ್ರ್ಯಾಗನ್. ರಾಜ ಕ್ಯಾಸಿಯೋಡೋರಸ್ ಅದರೊಡನೆ ಒಪ್ಪಂದ ಮಾಡಿಕೊಂಡಿದ್ದಾನೆ. ಹಗಲು ಇರುಳು ಸಮನಾಗುವ ದಿನಗಳಲ್ಲಿ, ಅಂದರೆ ವರ್ಷಕ್ಕೆ ಎರಡು ಸಲ, ಚೀಟಿ ಎತ್ತಿ ಒಬ್ಬ ಕನ್ಯೆಯನ್ನು ಬಲಿ ಕೊಡುವುದು, ಅದು ಊರುಗಳ ತಂಟೆಗೆ ಬಾರದೆ ಇರುವುದು. ಇದನ್ನು ತಾಳಲಾರದ ಕೆಲವು ಹಳ್ಳಿಗರು ವಲೇರಿಯನ್ ಎಂಬ ಹುಡುಗನ ಮುಂದಾಳತನದಲ್ಲಿ ಅಲ್ರಿಕ್ ಎಂಬ ವೃದ್ಧ ಮಾಂತ್ರಿಕನನ್ನು ಹುಡುಕಿಕೊಂಡು ಬರುತ್ತಾರೆ. ಹಿಂದೆಯೇ ಬಂದ ರಾಜಭಟ ಟೈರಿಯನ್ ಮಾಂತ್ರಿಕನ ಶಕ್ತಿಗೆ ಪುರಾವೆ ಕೇಳುತ್ತಾನೆ. ನನ್ನ ಎದೆಗೆ ಕತ್ತಿ ಚುಚ್ಚಿ ನೋಡು ಎನ್ನುತ್ತಾನೆ ಅಲ್ರಿಕ್. ಅವನು ಚುಚ್ಚುತ್ತಾನೆ, ಮುದುಕ ಸಾಯುತ್ತಾನೆ. ಉಳಿದದ್ದು ಚಿತೆಯ ಬೂದಿ, ಒಂದು ತಾಯಿತ ಮತ್ತು ಅರ್ಧಂಬರ್ಧ ಕಲಿತ ಶಿಷ್ಯ ಗೇಲನ್. ಇವನು ತಾಯಿತ ಕಟ್ಟಿಕೊಂಡು, ಡ್ರ್ಯಾಗನ್ ಕೊಲ್ಲುತ್ತೇನೆಂದು ಹೊರಡುತ್ತಾನೆ.

ಸರ್ ರಾಲ್ಫ್ ರಿಚರ್ಡ್‌ಸನ್‌ರಂಥ ನಟನನ್ನು ಅಲ್ರಿಕ್ ಪಾತ್ರಕ್ಕೆ ಹಾಕಿಕೊಂಡು, ಶುರುವಿನಲ್ಲೇ ಸಾಯಿಸಿ, ಕೊನೆಗಷ್ಟೇ ವಾಪಸು ತರುವುದು ಈ ಚಿತ್ರದ ದೊಡ್ಡ ಧೈರ್ಯ. ಅದೇ ಅದರ ದೊಡ್ಡ ನಷ್ಟ ಕೂಡ. ಅವರು ತೆರೆಯ ಮೇಲಿದ್ದಾಗ ಸಿನಿಮಾಕ್ಕೆ ಬರುವ ತೇಜಸ್ಸು ಅವರು ಹೋದೊಡನೆ ಕುಂದುತ್ತದೆ. ಮುಂದಿನ ಭಾರವೆಲ್ಲ ಪೀಟರ್ ಮ್ಯಾಕ್‌ನಿಕೋಲ್ ಮೇಲೆ ಬೀಳುತ್ತದೆ. ಅದು ಅವರ ಮೊದಲ ಸಿನಿಮಾ. ಗುಂಗುರು ಕೂದಲು, ಬೆರಗಿನ ಕಣ್ಣು, ಎಲ್ಲದಕ್ಕೂ ಸ್ವಲ್ಪ ಹೆಚ್ಚೇ ನಗುವ ಬಾಯಿ. ಸುತ್ತಲಿರುವ ಬ್ರಿಟಿಷ್ ರಂಗಭೂಮಿಯ ನಟರ ನಡುವೆ ಅವರ ಮಾತಿನ ಧಾಟಿ ಬೇರೆಯಾಗಿಯೇ ಕೇಳುತ್ತದೆ. ಗೇಲನ್ ಹುಂಬನಾಗಿರಬೇಕು, ಅದು ಪಾತ್ರದ ಬೇಡಿಕೆ. ಆದರೆ ಹುಂಬತನ ಇಳಿದು ಅಂಜಿಕೆ ಹೊಕ್ಕಮೇಲೆ ಮುಖದಲ್ಲಿ ಆಗಬೇಕಾದ ಬದಲಾವಣೆ ತಡವಾಗಿ, ಕಡಿಮೆಯಾಗಿ ಆಗುತ್ತದೆ. ಪ್ರೇಮದ ದೃಶ್ಯಗಳಲ್ಲಂತೂ ಕಾವೇ ಇಲ್ಲ.

ನಡುವಿನ ಭಾಗದ ನಡಿಗೆಯೂ ಸಡಿಲ. ಗೇಲನ್ ಬಂಡೆ ಉರುಳಿಸಿ ಗುಹೆಯ ಬಾಯಿ ಮುಚ್ಚುತ್ತಾನೆ, ಊರು ಸಂಭ್ರಮಿಸುತ್ತದೆ, ರಾಜ ತಾಯಿತ ಕಸಿದುಕೊಂಡು ಇವನನ್ನು ಸೆರೆಗೆ ತಳ್ಳುತ್ತಾನೆ, ಭೂಮಿ ನಡುಗಿ ಡ್ರ್ಯಾಗನ್ ಹೊರಬರುತ್ತದೆ. ಘಟನೆಗಳೇನೂ ಕಡಿಮೆಯಿಲ್ಲ, ಆದರೆ ಒಂದು ಇನ್ನೊಂದನ್ನು ತಳ್ಳುವುದಿಲ್ಲ. ನಾಯಕ ತಾನೇ ಏನನ್ನೂ ಮಾಡದೆ, ಆಗುವುದನ್ನು ನೋಡುತ್ತ ನಿಲ್ಲುವ ಹೊತ್ತು ಇಲ್ಲಿ ಬಹಳ. ಹಳ್ಳಿಗ ಗ್ರೇಲ್ ಪಾತ್ರದ ಆಲ್ಬರ್ಟ್ ಸಾಲ್ಮಿಗೆ ದನಿ ಕೊಟ್ಟವರು ನಾರ್ಮನ್ ರಾಡ್ವೇ. ಗಮನವಿಟ್ಟು ನೋಡಿದರೆ ಆ ದನಿ ತುಟಿಗೆ ಅಂಟಿಕೊಳ್ಳದೆ ತೇಲುತ್ತದೆ. ಮಾಂತ್ರಿಕತೆಯ ನಿಯಮಗಳೂ ಸ್ಪಷ್ಟವಿಲ್ಲ. ತಾಯಿತದಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದು ದೃಶ್ಯದ ಅನುಕೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಕೊನೆಯಲ್ಲಿ ತಾಯಿತ ಒಡೆದರೆ ಮಾಂತ್ರಿಕನೂ ಅವನ ಜತೆ ಡ್ರ್ಯಾಗನ್ನೂ ಸಿಡಿದು ಸಾಯುವುದೇಕೆ ಎಂಬುದಕ್ಕೆ ಕತೆಯಲ್ಲಿ ಮೊದಲೇ ಹಾಕಿದ ತಳಪಾಯ ಸಾಲದು.

ಇಷ್ಟೆಲ್ಲ ಇದ್ದೂ ಈ ಸಿನಿಮಾ ನಿಲ್ಲುವುದು ಯಾವುದರ ಮೇಲೆ? ಮೊದಲನೆಯದಾಗಿ, ಆ ಚೀಟಿಯ ಮೇಲೆ.

ರಾಜನನ್ನು ಚಿತ್ರ ರಾಕ್ಷಸನಾಗಿ ಬಿಡಿಸುವುದಿಲ್ಲ. ಪೀಟರ್ ಐರ್ ಅವನನ್ನು ಬಳಲಿದ ಆಡಳಿತಗಾರನಂತೆ ಅಭಿನಯಿಸುತ್ತಾರೆ. ಸೈನ್ಯ ಕಟ್ಟಿಕೊಂಡು ಡ್ರ್ಯಾಗನ್ ಮೇಲೆ ಹೋದವರು ಹಿಂದೆ ತಿರುಗಿ ಬರಲಿಲ್ಲ, ವರ್ಷಕ್ಕೆ ಇಬ್ಬರು ಹೋದರೆ ಉಳಿದವರೆಲ್ಲ ಬದುಕುತ್ತಾರೆ ಎಂಬುದು ಅವನ ವಾದ. ಕೇಳಲು ಅಸಹ್ಯ, ತಳ್ಳಿಹಾಕಲು ಕಷ್ಟ. ಆ ವಾದ ಮುರಿದು ಬೀಳುವುದು ಅದರೊಳಗಿನ ಮೋಸದಿಂದ. ದುಡ್ಡಿದ್ದವರ ಹೆಣ್ಣುಮಕ್ಕಳ ಹೆಸರು ಚೀಟಿಯ ಪಾತ್ರೆಗೆ ಬೀಳುವುದೇ ಇಲ್ಲ. ರಾಜಕುಮಾರಿ ಎಲ್ಸ್‌ಪೆತ್‌ಳ ಹೆಸರಂತೂ ಒಮ್ಮೆಯೂ ಬಿದ್ದಿಲ್ಲ, ಅದು ಅವಳಿಗೇ ಗೊತ್ತಿಲ್ಲ. ಕಮ್ಮಾರ ಸೈಮನ್ ತನ್ನ ಮಗಳನ್ನು ಉಳಿಸಿಕೊಳ್ಳಲು ಹುಟ್ಟಿದಾಗಿನಿಂದ ಗಂಡುಹುಡುಗನೆಂದು ಬೆಳೆಸಿದ್ದಾನೆ. ಆ ‘ಹುಡುಗ’ನೇ ವಲೇರಿಯನ್. ಅರಮನೆಯಲ್ಲಿ ಅಧಿಕಾರದ ಬಲದಿಂದ ಆದದ್ದು ಕಮ್ಮಾರನ ಮನೆಯಲ್ಲಿ ವೇಷದ ಬಲದಿಂದ ಆಗಿದೆ, ಮಗಳ ಪ್ರಾಣ ಎರಡೂ ಕಡೆ ಉಳಿದಿದೆ. ಚಿತ್ರ ಇದನ್ನು ಬಾಯಿಬಿಟ್ಟು ಹೋಲಿಸುವುದಿಲ್ಲ, ಎರಡೂ ಮನೆಗಳನ್ನು ತೋರಿಸಿ ಸುಮ್ಮನಾಗುತ್ತದೆ. ವಲೇರಿಯನ್ ಆಗಿ ಕೇಟ್ಲಿನ್ ಕ್ಲಾರ್ಕ್ ಇಡೀ ಚಿತ್ರದಲ್ಲೇ ಅತ್ಯುತ್ತಮ ನಟನೆ ಕೊಟ್ಟಿದ್ದಾರೆ. ಗುಟ್ಟು ಬಿಟ್ಟುಕೊಟ್ಟು ಮೊದಲ ಸಲ ಹೆಣ್ಣುಡುಗೆ ತೊಟ್ಟು ಊರ ಮುಂದೆ ಬಂದು ನಿಲ್ಲುವಾಗ ಅವರ ಭುಜಗಳನ್ನು ನೋಡಿ. ಹುಡುಗನ ನಿಲುವು ಇನ್ನೂ ಬಿಟ್ಟಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ. ಅವರು 2004ರಲ್ಲಿ ತೀರಿಕೊಂಡರು. ಬದುಕಿನ ಹೆಚ್ಚಿನ ಕೆಲಸ ರಂಗಭೂಮಿಯಲ್ಲೇ ಆಯಿತು, ಸಿನಿಮಾ ಅವರನ್ನು ಸರಿಯಾಗಿ ಬಳಸಿಕೊಳ್ಳಲೇ ಇಲ್ಲ.

ಸತ್ಯ ತಿಳಿದ ಎಲ್ಸ್‌ಪೆತ್ ಮುಂದಿನ ಸಲದ ಚೀಟಿಗಳನ್ನೆಲ್ಲ ತನ್ನ ಹೆಸರಿನಿಂದ ತುಂಬಿಸುತ್ತಾಳೆ. ಎಷ್ಟು ಸಲ ಎತ್ತಿದರೂ ಅದೇ ಹೆಸರು. ಬೇರೆ ಯಾವ ಸಿನಿಮಾ ಆಗಿದ್ದರೂ ಇಂಥ ರಾಜಕುಮಾರಿಯನ್ನು ಕೊನೆಯ ಗಳಿಗೆಯಲ್ಲಿ ನಾಯಕ ಎತ್ತಿಕೊಂಡು ಬರುತ್ತಿದ್ದ. ಇಲ್ಲಿ ಗೇಲನ್ ಅವಳ ಸರಪಳಿ ಕಡಿದು, ಅಡ್ಡಬಂದ ಟೈರಿಯನ್‌ನನ್ನು ಎದುರಿಸಿ ಕೊಲ್ಲುವಷ್ಟರಲ್ಲಿ, ಅವಳು ತಾನಾಗಿಯೇ ಗುಹೆಯೊಳಗೆ ನಡೆದುಬಿಡುತ್ತಾಳೆ. ಅವನು ಹೋಗಿ ನೋಡಿದಾಗ ಮರಿಗಳು ಅವಳನ್ನು ತಿನ್ನುತ್ತಿವೆ. ಅನ್ಯಾಯವನ್ನು ಸರಿಪಡಿಸಲು ಹೊರಟ ಒಬ್ಬಳೇ ಅರಮನೆಯವಳಿಗೆ ಈ ಗತಿ. ಕ್ರೂರ ದೃಶ್ಯ ನಿಜ, ಆದರೆ ಅದಿಲ್ಲದಿದ್ದರೆ ಅಲ್ಲಿಯವರೆಗೆ ಬಲಿಯಾದ ಹಳ್ಳಿಯ ಹುಡುಗಿಯರ ಸಾವಿಗೆ ಬೆಲೆಯೇ ಇರುತ್ತಿರಲಿಲ್ಲ.

ಇನ್ನು ವರ್ಮಿಥ್ರಾಕ್ಸ್. ಇದರ ಬಗ್ಗೆ ನಿಧಾನವಾಗಿ ಬರೆಯಬೇಕು.

ಅರ್ಧಕ್ಕೂ ಹೆಚ್ಚು ಸಿನಿಮಾ ಮುಗಿಯುವವರೆಗೆ ಅದು ಪೂರ್ತಿಯಾಗಿ ಕಾಣುವುದೇ ಇಲ್ಲ. ಒಂದು ಪಂಜ, ಬಾಲದ ತುದಿ, ಹೊಗೆಯ ಹಿಂದೆ ಸರಿದುಹೋಗುವ ಮೈ, ಅಷ್ಟೆ. ಆ ಬಿಡಿ ಭಾಗಗಳು ಡಿಸ್ನಿಯ ಡ್ಯಾನಿ ಲೀ ತಂಡ ನಿಜವಾದ ಗಾತ್ರದಲ್ಲೇ ಕಟ್ಟಿದ ಯಂತ್ರಗಳು. ನಟರ ಪಕ್ಕದಲ್ಲೇ ನೆಲಕ್ಕೆ ಅಪ್ಪಳಿಸಿ ಮಣ್ಣು ಎಬ್ಬಿಸುವುದರಿಂದ ಗಾತ್ರದ ಅಂದಾಜು ನೋಡುವವರ ಮನಸ್ಸಿನಲ್ಲಿ ಮೊದಲೇ ಕೂರುತ್ತದೆ. ಆಮೇಲೆ ಪುಟ್ಟ ಗೊಂಬೆಯನ್ನು ತೋರಿಸಿದರೂ ಕಣ್ಣು ಅದನ್ನು ದೊಡ್ಡದಾಗಿಯೇ ಓದುತ್ತದೆ. ಹತ್ತಿರದ ಶಾಟ್‌ಗಳಿಗೆ ಕ್ರಿಸ್ ವಾಲಸ್ ಮಾಡಿದ ತಲೆ ಮತ್ತು ಕುತ್ತಿಗೆಯ ಬೊಂಬೆ, ಹಾರಾಟಕ್ಕೆ ಕೆನ್ ರಾಲ್‌ಸ್ಟನ್ ಕೈಯ ಇನ್ನೊಂದು ಮಾದರಿ, ನಡಿಗೆಗೆ ಫಿಲ್ ಟಿಪ್ಪೆಟ್ ಅವರ ಮತ್ತೊಂದು. ಹೀಗೆ ಬೇರೆ ಬೇರೆ ಕೈಗಳಲ್ಲಿ ತಯಾರಾದ ತುಂಡುಗಳು ಸೇರಿ ಒಂದೇ ಪ್ರಾಣಿಯಾಗಿ ಕಾಣುವುದು ಸಣ್ಣ ಸಾಧನೆಯಲ್ಲ. ಚರ್ಮದ ಸುಕ್ಕು, ಕೊಂಬಿನ ಬಾಗು, ಹಲ್ಲಿನ ಸಾಲು ಎಲ್ಲವೂ ಎಲ್ಲ ಅಳತೆಯಲ್ಲೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ಶಾಟ್‌ನಲ್ಲಿ ತಪ್ಪಿದರೂ ಬೇರೆ ಪ್ರಾಣಿ ಬಂದಂತೆ ಕಾಣುತ್ತದೆ.

ಅದರ ಮೈಕಟ್ಟು ಆಗಿನ ರೂಢಿಯಂತಿಲ್ಲ. ನಾಲ್ಕು ಕಾಲಿನ ಮೇಲೆ ಎರಡು ರೆಕ್ಕೆ ಅಂಟಿಸಿದ ಆರು ಅಂಗಗಳ ಚಿತ್ರಪಟದ ಡ್ರ್ಯಾಗನ್ ಅಲ್ಲ ಇದು. ಹಿಂಗಾಲು ಎರಡು, ಮುಂಗೈಗಳೇ ರೆಕ್ಕೆ. ನೆಲದ ಮೇಲೆ ನಡೆಯುವಾಗ ಬಾವಲಿಯ ಹಾಗೆ ರೆಕ್ಕೆ ಮಡಿಸಿ, ಅದರ ಮಣಿಕಟ್ಟಿನ ಮೇಲೆ ಮೈಭಾರ ಹಾಕಿ ತೆವಳುತ್ತ ಬರುತ್ತದೆ. ಬೆನ್ನೆಲುಬಿರುವ ಪ್ರಾಣಿಗಳಿಗೆ ನಾಲ್ಕೇ ಅಂಗ ಇರುವುದರಿಂದ ಈ ಮೈ ನಮ್ಮ ಕಣ್ಣಿಗೆ ತಕ್ಷಣ ಒಪ್ಪುತ್ತದೆ. ಆಕಾಶದಲ್ಲಿ ಸಲೀಸು, ನೆಲದ ಮೇಲೆ ಒದ್ದಾಟ. ಗುಹೆಯ ದೃಶ್ಯಗಳಿಗೆ ಅದರಿಂದಲೇ ಕಳೆ ಬಂದಿದೆ. ಈಚಿನ ವರ್ಷಗಳಲ್ಲಿ ಸಿನಿಮಾ ಮತ್ತು ಟಿವಿಯ ಡ್ರ್ಯಾಗನ್‌ಗಳಲ್ಲಿ ಬಹುಪಾಲು ಇದೇ ಮೈಕಟ್ಟಿನವು. ‘ಗೇಮ್ ಆಫ್ ಥ್ರೋನ್ಸ್’ನ ಮೊದಲ ಸೀಸನ್ನಿನಲ್ಲಿ ವಿಸೆರಿಸ್ ಎಂಬ ಪಾತ್ರ ಹಳೆಯ ಡ್ರ್ಯಾಗನ್‌ಗಳ ಹೆಸರು ಹೇಳುವಾಗ ಪಟ್ಟಿಯಲ್ಲಿ ವರ್ಮಿಥ್ರಾಕ್ಸ್ ಕೂಡ ಇದೆ.

ನಡಿಗೆಯ ಗುಟ್ಟು ತಿಳಿಯಬೇಕಾದರೆ ಹಳೆಯ ಸ್ಟಾಪ್ ಮೋಷನ್ ವಿಧಾನದ ಕೊರತೆ ಏನೆಂದು ತಿಳಿಯಬೇಕು. ಸಿನಿಮಾ ಸೆಕೆಂಡಿಗೆ 24 ಚಿತ್ರ. ಮಾಮೂಲಿ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಶಟರ್ ತೆರೆದಿರುವುದು ಸುಮಾರು ಸೆಕೆಂಡಿನ 48ನೇ ಒಂದು ಭಾಗ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ನಡೆಯುವ ಮನುಷ್ಯ ಅಷ್ಟು ಹೊತ್ತಿನಲ್ಲಿ 3 ಸೆಂಟಿಮೀಟರ್ ಮುಂದೆ ಸರಿದಿರುತ್ತಾನೆ. ಬೀಸುವ ಕೈ ಇನ್ನೂ ಹೆಚ್ಚು ಸರಿದಿರುತ್ತದೆ. ಹಾಗಾಗಿ ಪ್ರತಿ ಫ್ರೇಮಿನಲ್ಲೂ ಅಂಚು ಕೊಂಚ ಮಸುಕು. ಆ ಮಸುಕನ್ನೇ ಮೆದುಳು ಚಲನೆ ಎಂದು ಓದುತ್ತದೆ. ಸ್ಟಾಪ್ ಮೋಷನ್‌ನಲ್ಲಿ ಗೊಂಬೆಯನ್ನು ಕೈಯಿಂದ ಒಂದಿಷ್ಟು ಸರಿಸಿ, ಕೈ ತೆಗೆದು, ಒಂದು ಫ್ರೇಮ್ ತೆಗೆದು, ಮತ್ತೆ ಸರಿಸುತ್ತಾರೆ. ಶಟರ್ ತೆರೆದಾಗ ಗೊಂಬೆ ಅಲುಗಾಡದೆ ನಿಂತಿರುತ್ತದೆ. ಪ್ರತಿ ಚಿತ್ರವೂ ಚೂರಿಯಷ್ಟು ಹರಿತ. ಅವನ್ನು ಒಟ್ಟಿಗೆ ಓಡಿಸಿದರೆ ಚಲನೆ ತಡೆತಡೆದು, ನಡುಗುತ್ತ ಕಾಣುತ್ತದೆ. ನಿಧಾನದ ಚಲನೆಯಲ್ಲಿ ಇದು ಅಷ್ಟಾಗಿ ತಿಳಿಯದು. ಪ್ರಾಣಿ ಜೋರಾಗಿ ತಲೆ ಹೊರಳಿಸಿದರೆ ಗುಟ್ಟು ರಟ್ಟಾಗುತ್ತದೆ.

ಸಿನಿಮಾಗಳಿಗೆ ದೃಶ್ಯ ಪರಿಣಾಮ ಮಾಡಿಕೊಡುವ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ತಂಡ ಇದಕ್ಕೆ ಕಂಡುಕೊಂಡ ದಾರಿಗೆ ಗೋ ಮೋಷನ್ ಎಂಬ ಹೆಸರು ಬಿತ್ತು. ಗೊಂಬೆಯ ಮೈ, ತಲೆ, ಕಾಲುಗಳಿಗೆ ಸರಳುಗಳನ್ನು ಜೋಡಿಸಿ, ಆ ಸರಳುಗಳನ್ನು ಕಂಪ್ಯೂಟರ್ ಹಿಡಿತದ ಮೋಟಾರುಗಳಿಗೆ ಕಟ್ಟಿದರು. ಆನಿಮೇಟರ್ ಒಂದೊಂದು ಅಂಗದ ಚಲನೆಯನ್ನೂ ಒಂದಾದಮೇಲೊಂದು ಕೂಡಿಸುತ್ತ ಹೋಗುತ್ತಾರೆ, ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಚಿತ್ರ ತೆಗೆಯುವಾಗ ಶಟರ್ ತೆರೆದಿರುವಷ್ಟು ಹೊತ್ತು ಮೋಟಾರುಗಳು ಗೊಂಬೆಯನ್ನು ನಿಜವಾಗಿಯೂ ಚಲಿಸುತ್ತವೆ. ಫಿಲಂ ಮೇಲೆ ಅಸಲಿ ಮಸುಕು ಬೀಳುತ್ತದೆ. ಇನ್ನೊಂದು ಲಾಭವೂ ಉಂಟು. ಕೈಯಲ್ಲೇ ಮಾಡುವ ಕೆಲಸದಲ್ಲಿ ನಾಲ್ಕು ಸೆಕೆಂಡಿನ ಶಾಟ್‌ಗೆ 96 ಫ್ರೇಮ್ ಬೇಕು, 70ನೆಯದರಲ್ಲಿ ತಪ್ಪಿದರೆ ಮತ್ತೆ ಮೊದಲಿನಿಂದ. ಇಲ್ಲಿ ಚಲನೆ ನೆನಪಿನಲ್ಲಿ ಇರುವುದರಿಂದ ಪರೀಕ್ಷೆಗೆಂದು ಒಮ್ಮೆ ಓಡಿಸಿ ನೋಡಿ, ಕುತ್ತಿಗೆ ಮಾತ್ರ ತಪ್ಪಿದ್ದರೆ ಕುತ್ತಿಗೆಯನ್ನಷ್ಟೇ ತಿದ್ದಬಹುದು.

ಹಾಗೆಂದು ಇದೇನೂ ಸುಲಭದ ಯಂತ್ರವಲ್ಲ. ನೆಲಕ್ಕೆ ಊರಿದ ಕಾಲು ಆ ಹೆಜ್ಜೆ ಮುಗಿಯುವವರೆಗೆ ಒಂದೇ ಜಾಗದಲ್ಲಿ ಇರಬೇಕು. ಪುಟ್ಟ ಗೊಂಬೆಯಲ್ಲಿ ಒಂದು ಮಿಲಿಮೀಟರ್ ಜಾರಿದರೂ ದೊಡ್ಡ ತೆರೆಯ ಮೇಲೆ ಪ್ರಾಣಿ ಮಂಜುಗಡ್ಡೆಯ ಮೇಲೆ ಜಾರಿದಂತೆ ಕಾಣುತ್ತದೆ. ಮೈ ಮುಂದಕ್ಕೆ ಹೋಗುತ್ತಿರುವಾಗ ಊರಿದ ಕಾಲಿನ ಸರಳು ಅಷ್ಟೇ ಲೆಕ್ಕದಲ್ಲಿ ಹಿಂದಕ್ಕೆ ಬರಬೇಕು, ಎರಡರ ಲೆಕ್ಕ ಕೂಡದಿದ್ದರೆ ಕೀಲು ಎಳೆದಾಡುತ್ತದೆ. ಮಸುಕು ಹೆಚ್ಚಾದರೆ ಚರ್ಮದ ವಿವರ ಅಳಿಸಿ ಪ್ರಾಣಿ ರಬ್ಬರಿನಂತಾಗುತ್ತದೆ. ಸರಳುಗಳನ್ನು ಮೈಯ ಮರೆಯಲ್ಲಿ ಇಡಬೇಕು, ಮರೆಯಾಗದವನ್ನು ಆಮೇಲೆ ಮುಚ್ಚಿ ಅಳಿಸಬೇಕು. ಈ ಚಲಿಸುವ ಯಂತ್ರಕ್ಕಾಗಿ ಡೆನ್ನಿಸ್ ಮ್ಯೂರೆನ್ ಮತ್ತು ಸ್ಟುವರ್ಟ್ ಜಿಫ್ ಅವರಿಗೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ದೃಶ್ಯ ಪರಿಣಾಮದ ಆಸ್ಕರ್‌ಗೆ ಆ ವರ್ಷ ನಾಮನಿರ್ದೇಶನಗೊಂಡದ್ದು ಎರಡೇ ಚಿತ್ರ. ಗೆದ್ದದ್ದು ಇಂಡಿಯಾನಾ ಜೋನ್ಸ್, ಅದೂ ಇದೇ ಸಂಸ್ಥೆಯ ಇನ್ನೊಂದು ತಂಡದ ಕೆಲಸ. ಯಾರಿಗೆ ಸಿಗಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ.

ತಂತ್ರವೊಂದೇ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಟಿಪ್ಪೆಟ್ ಆ ಯಂತ್ರದಿಂದ ಮಾಡಿಸಿದ ಅಭಿನಯ ದೊಡ್ಡದು. ಗೇಲನ್ ಮರಿಗಳನ್ನು ಕೊಂದುಹಾಕಿದ್ದಾನೆ. ವರ್ಮಿಥ್ರಾಕ್ಸ್ ಬರುತ್ತದೆ. ಸತ್ತ ಮರಿಯನ್ನು ಮೂತಿಯಿಂದ ಮೆಲ್ಲಗೆ ನೂಕಿ ನೋಡುತ್ತದೆ, ಅದು ಅಲುಗುವುದಿಲ್ಲ. ಆಮೇಲೆ ತಲೆ ಎತ್ತಿ ಅರಚುತ್ತದೆ. ಅಷ್ಟು ಹೊತ್ತಿನವರೆಗೆ ಅದು ಸಾಯಲಿ ಎಂದು ಕಾದಿದ್ದ ನೋಡುಗನ ನಿಲುವು ಆ ಕೆಲವೇ ಸೆಕೆಂಡುಗಳಲ್ಲಿ ಕದಲುತ್ತದೆ. ಇಷ್ಟು ಮುದಿಯಾದ ಡ್ರ್ಯಾಗನ್‌ಗೆ ಉಳಿಯುವುದು ನೋವು ಮತ್ತು ಹಗೆ ಮಾತ್ರ ಎಂದು ಮೊದಲೇ ಅಲ್ರಿಕ್ ಬಾಯಲ್ಲಿ ಮಾತು ಬಂದುಹೋಗಿದೆ. ರೆಕ್ಕೆಯ ಪೊರೆಯಲ್ಲಿ ಹರಕು, ಹೆಜ್ಜೆಯಲ್ಲಿ ತಡವರಿಕೆ. ತನ್ನ ಕೊನೆಯ ಸಂತಾನವನ್ನೂ ಕಳೆದುಕೊಂಡ ಪ್ರಾಣಿ ಅದು. ಮಾಂತ್ರಿಕರ ಪೈಕಿಯೂ ಉಳಿದಿರುವವನು ಅಲ್ರಿಕ್ ಒಬ್ಬನೇ. ಇಬ್ಬರು ಮುದುಕರು ಒಂದೇ ಗಳಿಗೆಯಲ್ಲಿ ಹೋಗುವುದು ಕತೆಯ ಲೆಕ್ಕಕ್ಕೆ ಸರಿಯಾಗಿಯೇ ಕೂರುತ್ತದೆ, ತಾಯಿತದ ತರ್ಕ ಎಷ್ಟೇ ಸಡಿಲವಿದ್ದರೂ.

ಸರೋವರದ ದೃಶ್ಯವೂ ಹಾಗೆಯೇ. ಗುಹೆಯ ತಳದಲ್ಲಿ ನೀರಿನ ಮೇಲೆ ಉರಿಯುವ ಬೆಂಕಿ. ಕೈಯಲ್ಲಿ ಭರ್ಜಿ ಹಿಡಿದು ಗೇಲನ್ ನಿಂತಿದ್ದಾನೆ. ಅವನ ಬೆನ್ನ ಹಿಂದೆ ನೀರು ಸೀಳಿಕೊಂಡು ತಲೆ ಏಳುತ್ತದೆ, ಏಳುತ್ತಲೇ ಇರುತ್ತದೆ. ಸದ್ದು ಮಾಡಿ ಬೆಚ್ಚಿಬೀಳಿಸುವ ಉಪಾಯ ಇಲ್ಲ. ಅವನಿಗಿಂತ ಮೊದಲು ನಮಗೆ ಕಾಣುತ್ತದೆ, ಕುತ್ತಿಗೆ ಇನ್ನೆಷ್ಟು ಉದ್ದ ಉಳಿದಿದೆ ಎಂದು ಲೆಕ್ಕ ಹಾಕುತ್ತ ಕೂರಬೇಕು. ಡ್ರ್ಯಾಗನ್ ಮೈಯಿಂದ ಉದುರಿದ ಹುರುಪೆಗಳನ್ನು ವಲೇರಿಯನ್ ಆಯ್ದು ತಂದು ಹೊಲಿದ ಗುರಾಣಿ ಆಮೇಲಿನ ಬೆಂಕಿಯನ್ನು ತಡೆಯುತ್ತದೆ. ಇಡೀ ಹೋರಾಟದಲ್ಲಿ ನೆರವಿಗೆ ಬರುವುದು ಆ ಹುಡುಗಿ ಕೈಯಾರೆ ಮಾಡಿದ ವಸ್ತು. ಮಂತ್ರದ ಕಾವಿನಲ್ಲಿ ಹದಗೊಳಿಸಿದ ಕಮ್ಮಾರನ ಭರ್ಜಿ ಮುರಿದುಹೋಗುತ್ತದೆ.

ಹಾರಾಟದ ಶಾಟ್‌ಗಳ ಬಗ್ಗೆ ಮಾತ್ರ ಪ್ರೀತಿಯಿಂದಲೂ ಸಮರ್ಥನೆ ಸಾಧ್ಯವಿಲ್ಲ. ರೆಕ್ಕೆಯ ಬೀಸು ಚೆನ್ನಾಗಿದೆ, ತಿರುವಿನಲ್ಲಿ ಮೈ ವಾಲುವ ಕ್ರಮ ಚೆನ್ನಾಗಿದೆ. ಕೆಡುವುದು ಅಂಚಿನಲ್ಲಿ. ಆ ಕಾಲದಲ್ಲಿ ಗೊಂಬೆಯನ್ನು ನೀಲಿ ಪರದೆಯ ಮುಂದೆ ಚಿತ್ರಿಸಿ, ನೀಲಿಯನ್ನು ಆಧಾರವಾಗಿಟ್ಟುಕೊಂಡು ಎರಡು ಕಪ್ಪು-ಬಿಳುಪು ಮುಸುಕುಗಳನ್ನು ಮಾಡುತ್ತಿದ್ದರು. ಒಂದು ಮುಸುಕು ಆಕಾಶದ ಚಿತ್ರದಲ್ಲಿ ಡ್ರ್ಯಾಗನ್ ಆಕಾರದ ಖಾಲಿ ಜಾಗ ಉಳಿಸುತ್ತದೆ, ಇನ್ನೊಂದು ಆ ಜಾಗದಲ್ಲಿ ಡ್ರ್ಯಾಗನ್ ಮಾತ್ರ ಬೀಳುವಂತೆ ನೋಡಿಕೊಳ್ಳುತ್ತದೆ. ಆಪ್ಟಿಕಲ್ ಪ್ರಿಂಟರ್‌ನಲ್ಲಿ ಇವನ್ನೆಲ್ಲ ಒಂದೊಂದಾಗಿ ಹೊಸ ಫಿಲಂ ಮೇಲೆ ಮತ್ತೆ ಚಿತ್ರಿಸಬೇಕು. ಹೀಗೆ ತೆಗೆದ ಒಂದೊಂದು ನಕಲಿನಲ್ಲೂ ಫಿಲಂನ ಕಣಗಳು ಎದ್ದು ಕಾಣುವುದು ಹೆಚ್ಚುತ್ತದೆ, ಬಣ್ಣ ಕುಗ್ಗುತ್ತದೆ. ಅದಕ್ಕೆಂದೇ ಈ ತಂಡ ಫಿಲಂ ಅಡ್ಡಲಾಗಿ ಓಡುವ, ಸುಮಾರು 37 ಮಿಲಿಮೀಟರ್ ಅಗಲದ ಫ್ರೇಮ್ ಇರುವ ವಿಸ್ಟಾವಿಷನ್ ಕ್ಯಾಮೆರಾಗಳನ್ನು ಬಳಸುತ್ತಿತ್ತು. ಆದರೂ ಮುಸುಕು 0.02 ಮಿಲಿಮೀಟರ್ ಪಕ್ಕಕ್ಕೆ ಸರಿದರೆ 12 ಮೀಟರ್ ಅಗಲದ ತೆರೆಯ ಮೇಲೆ ಆರೂವರೆ ಮಿಲಿಮೀಟರ್ ದಪ್ಪದ ಗೆರೆ. ಗುಹೆಯ ಕತ್ತಲಲ್ಲಿ ಆ ಕಪ್ಪು ಗೆರೆ ಕರಗಿಹೋಗುತ್ತದೆ. ಬೆಳಕಿನ ಮೋಡದ ಮುಂದೆ ಬಚ್ಚಿಡಲು ಜಾಗವಿಲ್ಲ. ಮೈಮೇಲಿನ ಬೆಳಕಿಗೂ ಮೋಡದ ಬೆಳಕಿಗೂ ಹೊಂದಾಣಿಕೆ ತಪ್ಪುವುದರಿಂದ ಕೆಲವು ಶಾಟ್‌ಗಳಲ್ಲಿ ಡ್ರ್ಯಾಗನ್ ಆಕಾಶದೊಳಗೆ ಇಲ್ಲ, ಮುಂದೆ ಅಂಟಿಸಿದೆ ಎನಿಸುತ್ತದೆ. ಗ್ರಹಣದ ಹೊತ್ತಿನಲ್ಲಿ ಕೊನೆಯ ಕಾಳಗ ಇಟ್ಟಿರುವುದರಿಂದ ಆಕಾಶ ಮಬ್ಬಾಗಿ ಸ್ವಲ್ಪ ಉಳಿಯಿತು, ಪೂರ್ತಿ ಉಳಿಯಲಿಲ್ಲ.

ಅಲೆಕ್ಸ್ ನಾರ್ತ್ ಸಂಗೀತದ ಬಗ್ಗೆ ಇಬ್ಬಗೆಯ ಅಭಿಪ್ರಾಯ ಯಾವಾಗಲೂ ಇದೆ. ಕರ್ಕಶ, ಗಡಸು, ಹಾಡಿಕೊಳ್ಳಲು ಬಾರದ ಸ್ವರಗಳು. 1968ರಲ್ಲಿ ಸ್ಟಾನ್ಲಿ ಕುಬ್ರಿಕ್ ತಮ್ಮ ಬಾಹ್ಯಾಕಾಶ ಚಿತ್ರಕ್ಕೆ ಅವರಿಂದ ಸಂಗೀತ ಬರೆಸಿ ಬಳಸದೆ ಬಿಟ್ಟಿದ್ದರು. ಅದರ ಕೆಲವು ಭಾಗಗಳು ಇಲ್ಲಿ ಹೊಸ ರೂಪದಲ್ಲಿ ಬಂದಿವೆ. ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ನನಗೆ ಇದು ಈ ಚಿತ್ರಕ್ಕೆ ತಕ್ಕ ಸಂಗೀತ. ಜನರನ್ನು ಹುರಿದುಂಬಿಸುವ ರಾಗ ಇಟ್ಟಿದ್ದರೆ ಉರ್ಲಂಡಿನ ಭಯ ಸುಳ್ಳಾಗುತ್ತಿತ್ತು. ಹಳ್ಳಿಯ ಸಾಮಾನ್ಯ ದೃಶ್ಯಗಳ ಮೇಲೂ ಅದೇ ಏರುದನಿ ಇರುವುದು ಮಾತ್ರ ದಣಿಸುತ್ತದೆ.

ಮುಕ್ತಾಯವನ್ನು ಎಷ್ಟು ಹೊಗಳಿದರೂ ಸಾಲದು. ಡ್ರ್ಯಾಗನ್ ಸತ್ತು ಬಿದ್ದಿದೆ. ಹೊಸದಾಗಿ ಕ್ರೈಸ್ತರಾದ ಹಳ್ಳಿಗರು ಬಂದು ಇದು ದೇವರ ಮಹಿಮೆ ಎಂದು ಕೈಮುಗಿಯುತ್ತಾರೆ. ಅವರ ಹಿಂದೆಯೇ ಪರಿವಾರದೊಡನೆ ಬಂದ ರಾಜ ಹೆಣಕ್ಕೆ ಕತ್ತಿ ಚುಚ್ಚುತ್ತಾನೆ, ಡ್ರ್ಯಾಗನ್ ಕೊಂದ ವೀರ ಇವನೇ ಎಂದು ಘೋಷಣೆಯಾಗುತ್ತದೆ. ನಿಜಕ್ಕೂ ದುಡಿದವರು ದೂರದಲ್ಲಿ ನಿಂತು ನೋಡುತ್ತಾರೆ, ತಕರಾರು ತೆಗೆಯುವುದಿಲ್ಲ. ಚಿತ್ರದ ಹೆಸರಿನಲ್ಲಿರುವ ಬಿರುದು ಕೊನೆಗೆ ಸಿಗುವುದು ಮಗಳನ್ನು ಕಳೆದುಕೊಂಡ ಆ ರಾಜನಿಗೆ. ಪಾದ್ರಿ ಜಾಕೋಪಸ್ ಶಿಲುಬೆ ಎತ್ತಿ ಡ್ರ್ಯಾಗನ್ ಎದುರು ಹೋಗಿ ಸುಟ್ಟುಹೋದದ್ದು ಕಣ್ಣ ಮುಂದೆ ನಡೆದಿದ್ದರೂ ಜನ ಅದೇ ನಂಬಿಕೆಯನ್ನು ಅಪ್ಪಿಕೊಂಡಿದ್ದಾರೆ. ಆ ಪಾದ್ರಿಯ ಸಣ್ಣ ಪಾತ್ರದಲ್ಲಿ ಉರಿಯುವ ಕಣ್ಣಿನ ಇಯಾನ್ ಮ್ಯಾಕ್‌ಡಿಯರ್ಮಿಡ್. ಎರಡು ವರ್ಷದ ನಂತರ ಇವರೇ ಸ್ಟಾರ್ ವಾರ್ಸ್‌ನ ಚಕ್ರವರ್ತಿಯಾದರು.

ಈಗ ನೋಡಬೇಕೆನ್ನುವವರಿಗೆ ಒಂದೆರಡು ಮಾತು. 2023ರಲ್ಲಿ ಬಂದ 4ಕೆ ಡಿಸ್ಕ್ ಇದ್ದರೆ ಅದನ್ನೇ ನೋಡಿ. ಹಳೆಯ ಪ್ರತಿಗಳಲ್ಲಿ ಕತ್ತಲು ಬರೀ ಮಸಿಯಾಗಿತ್ತು, ವ್ಯಾನ್‌ಲಿಂಟ್ ಕತ್ತಲೊಳಗೆ ಇಟ್ಟ ವಿವರಗಳು ಇದರಲ್ಲಿ ಎದ್ದುಬಂದಿವೆ. ರಾಬಿನ್ಸ್ ಜತೆ ನಿರ್ದೇಶಕ ಗಿಯೆರ್ಮೊ ಡೆಲ್ ಟೋರೊ ಕೂತು ಮಾತಾಡಿದ ವ್ಯಾಖ್ಯಾನದ ಧ್ವನಿಪಥವೂ ಇದೆ. ಕೋಣೆಯ ದೀಪ ಆರಿಸಲೇಬೇಕು, ಹಗಲು ಬೆಳಕಿನಲ್ಲಿ ಅರ್ಧ ಸಿನಿಮಾ ಕಾಣುವುದಿಲ್ಲ. ಟಿವಿಯ ಬೆಳಕನ್ನು ಏರಿಸಿ ಕತ್ತಲನ್ನು ಬೂದಿಬಣ್ಣ ಮಾಡಬೇಡಿ, ಮುಸುಕಿನ ಗೆರೆಗಳು ಆಗ ಎದ್ದು ಕುಣಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಟಿವಿಯ ಸೆಟ್ಟಿಂಗ್‌ನಲ್ಲಿ ಪೂರ್ತಿ ಆಫ್ ಮಾಡಿ. ಅದು 24 ಫ್ರೇಮ್‌ಗಳ ನಡುವೆ ತಾನೇ ಊಹಿಸಿದ ಫ್ರೇಮ್‌ಗಳನ್ನು ತುರುಕುತ್ತದೆ. ಮಸುಕಾದ ರೆಕ್ಕೆಯ ಅಂಚು ಎಲ್ಲಿದೆ ಎಂದು ಅದಕ್ಕೆ ತಿಳಿಯದೆ ಕದಡಿಬಿಡುತ್ತದೆ. ಅಷ್ಟು ಶ್ರಮಪಟ್ಟು ಫಿಲಂ ಮೇಲೆ ಬೀಳಿಸಿದ ಅಸಲಿ ಮಸುಕು ಅಲ್ಲಿಗೆ ಹಾಳು.

ಮೊದಲ ಸಲ ತಡೆಯದೆ ನೋಡಿ. ಎರಡನೆಯ ಸಲ, ಬೆಂಕಿಯ ಸರೋವರದ ನಂತರ ವರ್ಮಿಥ್ರಾಕ್ಸ್ ಸುರಂಗದಲ್ಲಿ ಗೇಲನ್‌ನನ್ನು ಅಟ್ಟಿಸಿಕೊಂಡು ಬರುವ ಶಾಟ್‌ಗಳನ್ನು ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತ ನೋಡಿ. ಮುಂದಕ್ಕೆ ಚಾಚುವ ರೆಕ್ಕೆಯ ಮಣಿಕಟ್ಟು ಮಸುಕಾಗಿರುತ್ತದೆ, ನೆಲಕ್ಕೆ ಊರಿದ ಇನ್ನೊಂದು ಹರಿತವಾಗಿರುತ್ತದೆ. ಮೈಭಾರ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಹೆಗಲು ಮೊದಲು ಕುಸಿದು ಆಮೇಲೆ ಕುತ್ತಿಗೆ ಹಿಂಬಾಲಿಸುತ್ತದೆ.